ಮಡಿಲಲ್ಲಿ ಹೆಡ್‌ಲೈಟು

ಅಲ್ಲ ಕಣ್ರೋ, ಟೀಮು ಅಂದ ತಕ್ಷಣ ಟೀವೀಲಿ ತೋರಿಸ್ತಾರಲ್ಲ, ಒಂದೇ ಬಣ್ಣದ ಟೋಪಿ ಹಾಕ್ಕೊಂಡು ಐವತ್ತು ಜನ, ಹಂಗೆ ಅನ್ಕೋಬೇಡಿ. ನಮ್ಮ ರೇಸ್ ಟೀಮು ಮೂರೇ ಜನ. ಓಡ್ಸೋಕೆ ನಿಮ್ಮ ತಾತ, ರಿಪೇರಿಗೆ ಬಿನ್ನಿಪೇಟೆ ಕಡೆ ಮಿಲ್ಲೊಂದರಲ್ಲಿ ಫಿಟ್ಟರ್ ಆಗಿದ್ದ ಅವರ ಸ್ನೇಹಿತ ರಾಜಣ್ಣ, ಆಮೇಲೆ ನಾನು. ನಾನ್ಯಾಕೆ ಅಂತೀರಾ? ಚಿತ್ರಾನ್ನ ಕಟ್ಕೊಂಡು ಹೋಗೋಕೆ. ಹ್ಞೂ, ನಗಿ ನಗಿ. ಮದುವೆಯಾಗಿ ಇನ್ನೂ ವರ್ಷ ತುಂಬಿರ್ಲಿಲ್ಲ. ರಾಜಾಜಿನಗರ ಆಗ ತಾನೇ ಏಳ್ತಾ ಇತ್ತು, ಮನೆಗಳಿಗಿಂತ ಸೈಟು ಕಲ್ಲುಗಳೇ ಜಾಸ್ತಿ. ನಮ್ಮದು ಒಂದೂವರೆ ರೂಮು, ಆ ಅರ್ಧ ರೂಮಲ್ಲಿ ಬೈಕು. ಬೈಕು ಅಂತಿರ್ಲಿಲ್ಲ ಬಿಡಿ, ಮೋಟ್ರು ಸೈಕಲ್ಲು ಅಂತಿದ್ವಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟ್ರಿಯೋರು ಹಳೇ ಗಾಡಿ ಹರಾಜು ಹಾಕಿದ್ರಲ್ಲ, ಅದರಲ್ಲಿ ಬಿಡಿಬಿಡಿಯಾಗಿ ಎರಡು ಗೋಣಿಚೀಲದಲ್ಲಿ ಬಂದಿದ್ದು ಅದು. ವಾರವೆಲ್ಲಾ ತಾತ ಅದರಲ್ಲೇ ಕೆಲಸಕ್ಕೆ ಹೋಗ್ತಿದ್ರು, ಭಾನುವಾರ ಅದೇ ರೇಸಿಗೆ. ಟೈರು ಸವೆದು ಒಳಗಿನ ನೂಲು ಕಾಣ್ತಿತ್ತು. ಪೆಟ್ರೋಲಿಗೋಸ್ಕರ ತಾತ ಹೋಟ್ಲು ಕಾಫಿ ಬಿಟ್ರು, ರಾಜಣ್ಣ ಬೀಡಿ ಬಿಟ್ಟ. ನಂಗೆ ಬಿಡೋಕೆ ಏನಿತ್ತು? ದಿನಾ ಮುಡೀತಿದ್ದ ಮಲ್ಲಿಗೆ ಬಿಟ್ಟೆ.

ಹಿಂಗೆ ಎಷ್ಟು ದಿನ ಎಳೆಯೋಕಾಗುತ್ತೆ? ಕೊನೆಗೆ ಪೇಟೆಯ ಮೋಟರ್ ಅಂಗಡಿ ಸಾಹುಕಾರರೊಬ್ಬರು, ಈ ಸಲ ಮೊದಲನೇದೋ ಎರಡನೇದೋ ಬಂದ್ರೆ ಮುಂದಿನ ವರ್ಷದ ಟೈರು, ಪೆಟ್ರೋಲು ನನ್ನದು ಅಂದ್ರು. ಈ ಕಡೆ ಹೊಸಹಳ್ಳಿಯ ತರಕಾರಿ ತೋಟದ ಗೌಡ್ರು ಕಾಯ್ತಾ ಕೂತಿದ್ರು. ಬಾವಿಯಿಂದ ನೀರೆತ್ತೋಕೆ ಅವರಿಗೆ ಆ ಇಂಜಿನ್ನು ಬೇಕಿತ್ತು, ಸೋತ್ರೆ ನಂಗೇ ಮಾರ್ಬಿಡಿ ಅಂದಿದ್ರು. ಗೆದ್ರೆ ರೇಸು, ಸೋತ್ರೆ ಬದನೆಕಾಯಿಗೆ ನೀರು. ತಾತ ಒಪ್ಕೊಂಡೇ ಬಿಟ್ರು.

ರೇಸು ನಡೀತಿದ್ದಿದ್ದು ಊರಾಚೆ, ಯುದ್ಧದ ಕಾಲದಲ್ಲಿ ವಿಮಾನ ಇಳಿಸೋಕೆ ಮಾಡಿದ್ದ ಸಿಮೆಂಟು ಹಾದೀಲಿ. ಬೇರೆಯೋರು ವ್ಯಾನಲ್ಲಿ ಬೈಕು ತರ್ತಿದ್ರು. ನಾವು ಅದೇ ಬೈಕ್ ಮೇಲೆ, ನಾನು ಹಿಂದೆ ಚಿತ್ರಾನ್ನದ ಗಂಟು ಹಿಡ್ಕೊಂಡು. ರಾಜಣ್ಣ ಸೈಕಲ್ಲಲ್ಲಿ, ಬೆಳಗಿನ ಜಾವವೇ ಹೊರಟು. ಅಲ್ಲಿ ಹೋದ ಮೇಲೆ ಭಾರ ಕಮ್ಮಿ ಆಗ್ಲಿ ಅಂತ ಹೆಡ್‌ಲೈಟ್ ಬಿಚ್ಚಿ ನನ್ನ ಮಡಿಲಿಗೆ ಹಾಕೋರು. ರೇಸು ಮುಗಿಯೋವರೆಗೂ ಕೂಸು ಎತ್ಕೊಂಡ ಹಂಗೆ ಅದನ್ನ ಹಿಡ್ಕೊಂಡು ಕೂತಿರ್ತಿದ್ದೆ.

ಈಗ ಕೇಳಿ. ಇಂಜಿನ್ನು ಗಾಳಿ ಜಾಸ್ತಿ ಎಳೀಲಿ ಅಂತ ರಾಜಣ್ಣ ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬ್ಯುರೇಟರ್ ಬಾಯಿಗಿದ್ದ ಜರಡಿ ತೆಗೆದುಬಿಟ್ಟಿದ್ದ. ಗಾಡಿ ನಿಂತಾಗ ಕಸ ಬೀಳದೇ ಇರ್ಲಿ ಅಂತ ಆ ಬಾಯಿಗೆ ಒಂದು ಎಣ್ಣೆ ಬಟ್ಟೆ ತುರುಕಿರ್ತಿದ್ದ. ಅವತ್ತು ನಾನು ಗಾಡಿ ಪೂಜೆಗೆ ಅಂತ ಅರಿಶಿನ, ಕುಂಕುಮ, ಅಕ್ಷತೆ ಎಲ್ಲಾ ತಗೊಂಡು ಹೋಗಿದ್ದೆ. ನೋಡ್ತೀನಿ, ಪೂಜೆ ಮಾಡೋ ಗಾಡೀಲಿ ಆ ಕೊಳಕು ಬಟ್ಟೆ! ಅವರಿಬ್ಬರೂ ಹೆಸರು ಬರೆಸೋಕೆ ಹೋಗಿದ್ರು. ಬಟ್ಟೆ ಕಿತ್ತು ಪಕ್ಕಕ್ಕಿಟ್ಟೆ, ಕುಂಕುಮ ಇಟ್ಟೆ, ಕಣ್ಮುಚ್ಕೊಂಡು ಎರಡು ಹಿಡಿ ಅಕ್ಷತೆ ಹಾಕಿದೆ. ಒಂದು ಹಿಡಿ ಸಾಕಾಗಿತ್ತು. ನಿಮ್ಮ ತಾತ ಗೆಲ್ಲಲಿ ಅಂತ ಎರಡು ಹಾಕಿದೆ.

ಚೆನ್ನಾಗೇ ಓಡಿಸಿದ್ರು ಕಣ್ರೋ. ಕೊನೇ ಸುತ್ತಲ್ಲಿ ಎರಡನೆಯವರು. ನನ್ನ ಕೈ ಬೆವರಿ ಹೆಡ್‌ಲೈಟು ಜಾರ್ತಾ ಇತ್ತು. ಆದ್ರೆ ಕಡೇ ತಿರುವಲ್ಲಿ ಎಲ್ಲಾರ ಗಾಡಿ ಸದ್ದು ತಗ್ಗಿದ್ರೆ ನಮ್ಮದು ಮಾತ್ರ ಅರಚ್ತಾನೇ ಇದೆ. ಅರಚ್ತಾ ಅರಚ್ತಾ ನೆಟ್ಟಗೆ ರಾಗಿ ಹೊಲಕ್ಕೆ ನುಗ್ತು. ಪ್ರಾಣವೇ ಹೋದಂಗಾಯ್ತು ನಂಗೆ. ಓಡಿ ಹೋಗಿ ನೋಡಿದ್ರೆ ಮೈತುಂಬ ರಾಗಿ ತೆನೆ ಅಂಟಿಸ್ಕೊಂಡು ತಾತ ಎದ್ದು ನಿಂತಿದ್ರು. ಒಂದು ಮೊಣಕೈ ತರಚಿತ್ತು, ಅಷ್ಟೇ. ಎಕ್ಸಿಲರೇಟರ್ ಬಿಟ್ರೂ ವೇಗ ಇಳೀಲಿಲ್ಲ ಅಂದ್ರು. ರಾಜಣ್ಣ ಕಾರ್ಬ್ಯುರೇಟರ್ ಬಿಚ್ಚಿದ, ಒಳಗೆ ಕೈಹಾಕಿ ಏನೋ ತೆಗೆದು ಅಂಗೈ ಮೇಲಿಟ್ಟ. ಹಳದಿ ಅಕ್ಕಿ ಕಾಳು, ಒಂದೇ ಒಂದು. ಅದೇ ಸಿಕ್ಕಾಕ್ಕೊಂಡು ಗಾಡಿ ವೇಗ ತಗ್ಗದ ಹಂಗೆ ಮಾಡಿತ್ತು. ಅವನಿಗೆ ಅರ್ಥ ಆಯ್ತು, ಪುಣ್ಯಾತ್ಮ ಬಾಯಿ ಬಿಡ್ಲಿಲ್ಲ. ನಂಗೇ ತಡ್ಕೊಳಕ್ಕಾಗ್ಲಿಲ್ಲ.

"ರೀ, ಅದು ನನ್ನ ಅಕ್ಷತೆ. ಬಟ್ಟೆ ತೆಗೆದಿದ್ದೂ ನಾನೇ" ಅಂದೆ.

ತಾತ ಆ ಕಾಳು ನೋಡಿದ್ರು, ನನ್ನ ನೋಡಿದ್ರು. "ಆಶೀರ್ವಾದ ಸ್ವಲ್ಪ ಜಾಸ್ತಿ ಆಯ್ತು ಕಣೇ" ಅಂದ್ರು. ಅಷ್ಟೇ. ಬೈದಿದ್ರೆ ಅಳ್ತಿರ್ಲಿಲ್ಲವೇನೋ. ಬೈಲಿಲ್ಲವಲ್ಲ, ಅದಕ್ಕೇ ಜೋರಾಗಿ ಅತ್ತೆ. ಆಮೇಲೆ ಅಲ್ಲೇ ಹೊಲದ ಬದುವಲ್ಲಿ ಕೂತು ಮೂರೂ ಜನ ಚಿತ್ರಾನ್ನ ತಿಂದ್ವಿ.

ಮಾತಿನ ಪ್ರಕಾರ ಇಂಜಿನ್ನು ಹೊಸಹಳ್ಳಿಗೆ ಹೋಯ್ತು. ಬಾವಿ ಹತ್ರ ಕೂರಿಸಿದ ದಿನ ನಾವೂ ಹೋಗಿದ್ವಿ. ತಾತ ಅದನ್ನ ಒರೆಸ್ತಾನೇ ಇದ್ರು. ಅಷ್ಟೊತ್ತಿಗೆ ಗೌಡ್ರ ಹೆಂಡ್ತಿ ತಟ್ಟೆ ತುಂಬ ಅಕ್ಷತೆ ತಂದ್ರು, ಕಣ್ಮುಚ್ಚಿದ್ರು, ಕೈ ಎತ್ತಿದ್ರು. ನಾನು ಎಲ್ಲಿಂದ ಹಾರಿದೆನೋ ಗೊತ್ತಿಲ್ಲ, ಆ ಕಾರ್ಬ್ಯುರೇಟರ್ ಬಾಯಿಗೆ ಸೆರಗು ಅಡ್ಡ ಹಿಡಿದೆ. ಅಕ್ಷತೆ ಪೂರ್ತಿ ನನ್ನ ತಲೆ ಮೇಲೆ ಬಿತ್ತು. ರೇಸ್ ಸೋತ ಮೇಲೆ ತಾತ ಮೊದಲನೇ ಸಲ ನಕ್ಕಿದ್ದು ಅವತ್ತು.

ಅದಕ್ಕೇ ಹೇಳೋದು, ಪ್ರೀತಿಯಿಂದ ಹಾಕಿದ್ರೂ ಎಲ್ಲಿ ಬೀಳುತ್ತೆ ಅಂತ ಕಣ್ಣು ಬಿಟ್ಟು ನೋಡಿ ಹಾಕಿ. ಏಳಿ ಈಗ, ಊಟಕ್ಕೆ ತಟ್ಟೆ ಹಾಕಿ.