ಎಂಟನೆಯ ಹೆಸರು

ಲೈಟು ಹಾಗೇ ಇರಲಿ, ಆರಿಸಬೇಡಿ. ಇದು ಕಟ್ಟಿದ ಕತೆ ಅಲ್ಲ. ಶಿರ್ವದ ನಮ್ಮ ಹೇಜಲ್ ಇದ್ದಾಳಲ್ಲ, ನನ್ನ ದೊಡ್ಡಮ್ಮನ ಮಗಳು... ಅವಳಿಗೇ ಆದದ್ದು. ಕತಾರ್‌ನಲ್ಲಿ, ಹೋದ ಆಗಸ್ಟ್‌ನಲ್ಲಿ.

ಮನೆ ಎದುರಿನ ರಸ್ತೆ ಅಗೆದಿದ್ದರಿಂದ ಆಫೀಸಿನ ವ್ಯಾನು ಅವಳನ್ನು ಅಲ್ ವಕ್ರಾದ ಹಳೇ ಪೇಟೆ ಹತ್ತಿರವೇ ಇಳಿಸಿ ಹೋಯಿತು. ರಾತ್ರಿ ಹತ್ತು ಗಂಟೆ ದಾಟಿತ್ತು. ಒಂದಿಷ್ಟೂ ಗಾಳಿ ಇಲ್ಲ, ಬರೀ ಸೆಕೆ. ಗಂಡ ಲಾಯ್ಡ್‌ಗೆ ಮೆಸಯೀದ್‌ನಲ್ಲಿ ನೈಟ್ ಶಿಫ್ಟ್. ಐದು ವರ್ಷದ ಮಗಳು ಬ್ರೆಂಡಾ ಪಕ್ಕದ ಫ್ಲ್ಯಾಟಿನ ನಫೀಸಾ ಹತ್ತಿರ ಮಲಗಿದ್ದಳು. ಹೇಜಲ್ ಬೇಗ ಬೇಗ ನಡೆದಳು. ದಾರಿಯಲ್ಲೊಂದು ಹಳೇ ಬಾವಿ. ನೀರು ಬತ್ತಿ ಎಷ್ಟೋ ವರ್ಷ, ಮೇಲೆ ಕಬ್ಬಿಣದ ಜಾಲರಿ.

ಬಾವಿ ದಾಟಿದ್ದೇ ತಡ, ಹಿಂದೆ ಸದ್ದು.

ಚಪ್... ಚಪ್...

ಒದ್ದೆ ಬರಿಗಾಲನ್ನು ಕಲ್ಲಿನ ಮೇಲೆ ಇಟ್ಟ ಹಾಗೆ. ಹೇಜಲ್ ನಿಂತಳು. ಅದೂ ನಿಂತಿತು. ಎರಡು ಹೆಜ್ಜೆ ಇಟ್ಟಳು. ಚಪ್... ಚಪ್. ಎರಡೇ.

ಸಂಜೆ ಆಫೀಸಿನಲ್ಲಿ ನಡೆದದ್ದು ಅವಳಿಗೆ ನೆನಪಾಯಿತು.

ಅವಳ ಕೆಲಸ ದೋಹಾ ಅಲ್ ಜದೀದಾದಲ್ಲಿ, ಪುರಾತನ ವಸ್ತು ಕೂಡಿಡುವ ಒಬ್ಬ ಶ್ರೀಮಂತರ ಆಫೀಸಿನಲ್ಲಿ. ಬಂದ ವಸ್ತುಗಳ ಪಟ್ಟಿ ಮಾಡಿ ಲೇಬಲ್ ಟೈಪ್ ಮಾಡುವುದು. ಅವತ್ತು ಬಂದದ್ದು ಗ್ರೀಕರ ಕಾಲದ ಮಣ್ಣಿನ ಹೂಜಿ. ಎರಡೂವರೆ ಸಾವಿರ ವರ್ಷ ಹಳತು. ಕಪ್ಪು ಮೈಯ ಮೇಲೆ ಕೆಂಪು ಹೆಂಗಸರು, ಕೈ ಕೈ ಹಿಡಿದು ಕುಣಿಯುತ್ತಿದ್ದರು. ಗ್ರೀಕರಿಗೆ ಕಡಲ ಮುದುಕ ಅಂತ ಒಬ್ಬ ದೇವರಿದ್ದನಂತೆ, ಇವರು ಅವನ ಹೆಣ್ಣುಮಕ್ಕಳು. ದೊಡ್ಡ ದೇವತೆಗಳಲ್ಲ, ಯಾರೂ ನೆನಪಿಡದ ಸಣ್ಣವರು. ಅದಕ್ಕೇ ಏನೋ, ಚಿತ್ರ ಬರೆದವನು ಒಬ್ಬೊಬ್ಬಳ ಪಕ್ಕ ಅವಳವಳ ಹೆಸರೂ ಬರೆದಿದ್ದ. ಆ ಹೆಸರುಗಳ ಚೀಟಿ ಹೂಜಿ ಬಂದ ಪೆಟ್ಟಿಗೆಯಲ್ಲೇ ಇತ್ತು. ಹೇಜಲ್ ಗಟ್ಟಿಯಾಗಿ ಓದುವುದು, ಜೊತೆಗಾತಿ ಝೈನಬ ಹೂಜಿ ನೋಡಿ ಪಟ್ಟಿಯಲ್ಲಿ ಗುರುತು ಹಾಕುವುದು.

"ಸ್ಪೇಯೊ."

"ಉಂಟು."

"ಪ್ಸಾಮಥೆ."

"ಉಂಟು."

ಏಳು ಹೆಂಗಸರು ಮುಗಿದರು. ಚೀಟಿಯಲ್ಲಿ ಇನ್ನೂ ಒಂದು ಹೆಸರಿತ್ತು. ಹೂಜಿಯಲ್ಲೂ ಇತ್ತು, ಹಿಡಿಯ ಕೆಳಗೆ. ಆದರೆ ಅದರ ಪಕ್ಕ ಯಾರೂ ಇಲ್ಲ. ಬರೀ ಕಪ್ಪು.

"ಅದನ್ನು ಬಿಡು ಮಾರಾಯ್ತಿ," ಅಂದಳು ಝೈನಬ. "ಆಳಿಲ್ಲದ ಹೆಸರು ಕರೀಬಾರದು."

ಹೇಜಲ್ ನಕ್ಕಳು. ಓದಿಯೇ ಬಿಟ್ಟಳು. ಆ ಹೆಸರು ನಾನು ಹೇಳುವುದಿಲ್ಲ, ಕೇಳಬೇಡಿ.

ಈಗ ಇಲ್ಲಿ... ಕಿವಿಯ ಹಿಂದೆಯೇ ಪಿಸುಮಾತು. ಸ್ವರ ಮಾತ್ರ ಹೇಜಲಳದ್ದೇ.

"ಕರೆದದ್ದು ನೀನಲ್ವಾ?"

ಜಪ ಹೇಳಲು ಹೋದಳು. ಬಾಯಿಂದ ಬಂದದ್ದು ಇಷ್ಟೇ. "ಹೌದು..."

"ನಾನೆಲ್ಲಿ ನಿಲ್ಲಲಿ?"

ಎದುರಿಗೇ ಅವಳ ಕಟ್ಟಡ. ಮೂರನೇ ಮಹಡಿಯಲ್ಲಿ ನಫೀಸಾಳ ಕಿಟಕಿಗೆ ಬೆಳಕಿತ್ತು. ಇದನ್ನು ಬೆನ್ನಿಗೆ ಕಟ್ಟಿಕೊಂಡು ಮಗು ಮಲಗಿದಲ್ಲಿಗೆ ಹೋಗುವುದಾ?

"ಬಾ," ಅಂದಳು. "ತೋರಿಸ್ತೇನೆ."

ಮನೆಗೆ ಬೆನ್ನು ಹಾಕಿ, ಹತ್ತಿರದಲ್ಲೇ ಇದ್ದ ಕಡಲಿನ ಕಡೆ ನಡೆದಳು. ತಿರುಗಿ ನೋಡಲಿಲ್ಲ. ಚಪ್... ಚಪ್... ಮರಳು ಸಿಕ್ಕಿದ ಮೇಲೆ ಸದ್ದು ಬದಲಾಯಿತು. ಸರ್ರ್... ಸರ್ರ್... ನೆನೆದ ಬಟ್ಟೆ ಎಳೆದುಕೊಂಡು ಬಂದ ಹಾಗೆ. ಚಪ್ಪಲಿ ಹಾಕಿದ್ದ ಹಾಗೇ ಹೇಜಲ್ ನೀರಿಗಿಳಿದಳು. ಮೊಣಕಾಲು ಮುಳುಗಿತು.

"ಇಲ್ಲಿ ನಿಲ್ಲು. ನೀನು ಕಡಲಿನವಳೇ ಅಲ್ವಾ..."

ಆಮೇಲೆ ಅವಳ ಎಡಗೈಯನ್ನು ಇನ್ನೊಂದು ಕೈ ಹಿಡಿಯಿತು. ಮಂಜುಗಡ್ಡೆಯಂಥ ಕೈ.

"ನೀನೂ ನಿಲ್ಲು."

ಹೇಜಲ್ ಕೈ ಕೊಸರಲಿಲ್ಲ. ಅಳು ಬಂತು. "ನನಗೆ ಮಗು ಉಂಟು," ಅಂದಳು. ಅಷ್ಟೇ.

ಎಷ್ಟು ಹೊತ್ತು ಹಾಗೆ ನಿಂತಳೋ... ಕಿರುಬೆರಳು ಮೊದಲು ಸಡಿಲಾಯಿತು. ಆಮೇಲೆ ಇನ್ನೊಂದು. ಹೀಗೆ ಐದೂ ಬೆರಳು, ಒಂದೊಂದಾಗಿ. ನೀರಿನಲ್ಲಿ ಗುಳುಂ ಅಂತ ಒಂದೇ ಸದ್ದು.

ನಫೀಸಾಳ ಮನೆಗೆ ಓಡಿ ಬಂದು ನೋಡಿದರೆ ಬ್ರೆಂಡಾ ಬಾಯಲ್ಲಿ ಬೆರಳಿಟ್ಟು ಮಲಗಿದ್ದಳು. ಹೇಜಲ್ ಬೆಳಗಾಗುವ ತನಕ ಅವಳನ್ನು ತಬ್ಬಿಕೊಂಡೇ ಕೂತಿದ್ದಳು.

ಬೆಳಿಗ್ಗೆ ತನ್ನ ಮನೆಗೆ ಬಂದು ಹಲ್ಲುಜ್ಜಲು ನಲ್ಲಿ ನೀರು ಬಾಯಿಗೆ ಹಾಕಿದವಳು ಉಗುಳಿದಳು. ಉಪ್ಪು. ವಾಚ್‌ಮ್ಯಾನ್ ಆಂಟನಿ ಪ್ಲಂಬರನ್ನು ಕರೆತಂದ. ಅವನು ಪೈಪು ಬಿಚ್ಚಿದ, ಮತ್ತೆ ಜೋಡಿಸಿದ, ತಲೆ ಕೆರೆದುಕೊಂಡು ಹೋದ. ಇಡೀ ಕಟ್ಟಡಕ್ಕೆ ಟ್ಯಾಂಕು ಒಂದೇ. ನಫೀಸಾಳ ನಲ್ಲಿಯಲ್ಲಿ ಸಿಹಿ ನೀರು. ಗೋಡೆಯ ಈಚೆ, ಹೇಜಲಳ ನಲ್ಲಿಯಲ್ಲಿ ಒಂಬತ್ತು ದಿನ ಉಪ್ಪು ನೀರು.

ನಂಬದಿದ್ದರೆ ಬಿಡಿ. ಅದಾಗಿ ಎರಡು ದಿನಕ್ಕೆ ನಾನೇ ಅವಳ ಮನೆಗೆ ಹೋಗಿದ್ದೆ. ಎರಡೂ ಮನೆಯ ನೀರು ಕುಡಿದು ನೋಡಿದ್ದೇನೆ.