ಅಕ್ಕನ ಹೆಪ್ಪಿನ ನೀರು

ಬೆರಳು ತೆಗಿ! ತೆಗಿ ಅಂದ್ನಲ್ಲ ಅಕ್ಕ... ಅದೇನು ಮಗುವಿನ ಸ್ನಾನದ ನೀರಾ, ಬೆರಳದ್ದಿ ಬಿಸಿ ನೋಡೋಕೆ? ಔಷಧಿ ಅಂಗಡಿಯ ಪೆರಾಕ್ಸೈಡು ಅದು. ಹೂಂ, ಗಾಯ ತೊಳೆಯೋದೇ. ಬಾಟಲಿ ಮೇಲೆ ನೋಡು, ಮೂರು ಪರ್ಸೆಂಟು ಅಂತ ಬರೆದಿದೆ. ಅದಕ್ಕಿಂತ ಗಟ್ಟಿಯದು ತರಬೇಡ... ಯಾಕೆ ನಗ್ತೀಯ? ಮೊಳಕೆ ಕಟ್ಟೋ ಕಾಳಿಗೇನು ಗಾಯ ಆಗಿದೆಯಾ ಅಂತ ತಾನೆ? ನೀನು ಬಾಯಿ ಬಿಡೋಕೆ ಮುಂಚೆನೇ ನಂಗೆ ಗೊತ್ತಾಗುತ್ತೆ. ಐವತ್ತು ವರ್ಷದಿಂದ ನಿನ್ನ ಗೇಲಿ ಕೇಳ್ತಿರೋ ಕಿವಿ ಇದು.

ನಗು, ನಗು. ನಕ್ಕೊಂಡೇ ಕಲಿ. ಭಾನುವಾರ ನಿನ್ನ ಮಗಳು ಬರ್ತಾಳೆ, ಏಳು ತಿಂಗಳ ಬಸುರಿ. ದಿನಾ ಬೆಳಗ್ಗೆ ಒಂದು ಬಟ್ಟಲು ಹಸಿ ಮೊಳಕೆ ಅವಳ ಮುಂದೆ ಇಡೋದು ಅಂತ ನೀನು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದೀಯ. ಅದಕ್ಕೇ ಕರೆಸಿದ್ದು ನಿನ್ನ. ಇಲ್ಲದಿದ್ರೆ ಬೆಳಬೆಳಗ್ಗೆ ನಿನ್ನ ಮುಖ ನೋಡೋ ಆಸೆ ಯಾರಿಗಿದೆ!

ಇದಾ? ಜ್ವರ ನೋಡೋದಲ್ಲ ಮಹಾರಾಯ್ತಿ, ಅಡುಗೆಮನೆ ಥರ್ಮಾಮೀಟರು. ಕಾಳಿನ ಮೇಲಿರೋ ಕ್ರಿಮಿ ಸಾಯೋಕೆ ಪೆರಾಕ್ಸೈಡು ಅರವತ್ತು ಡಿಗ್ರಿಗೆ ಬರಬೇಕು. ಕುದಿಸಿಬಿಟ್ಟರೆ ಕಾಳೇ ಸತ್ತುಹೋಗುತ್ತೆ, ಆಮೇಲೆ ಮೊಳಕೆ ಎಲ್ಲಿಂದ ಬರುತ್ತೆ? ‘ಅಂದಾಜು ಸಾಕು’ ಅಂತೆ! ಮೂವತ್ತು ವರ್ಷ ಹೊಲಿಗೆ ಟೀಚರಾಗಿ, ಅಳತೆ ತಗೊಳ್ಳದೆ ಕತ್ತರಿ ಹಾಕಿದ ಹುಡುಗಿಯರನ್ನ ಬಾಗಿಲ ಹೊರಗೆ ನಿಲ್ಲಿಸ್ತಿದ್ದೋಳು ನೀನು. ಈಗ ಅಂದಾಜು ಅಂತೆ, ಅಂದಾಜು.

ನೋಡು, ಬಂತು. ಈ ಜಾಲರಿಯಲ್ಲಿ ಕಾಳು ಹಾಕಿ ಮುಳುಗಿಸಿಡು. ಐದು ನಿಮಿಷ, ಮಧ್ಯೆ ಮಧ್ಯೆ ಅಲ್ಲಾಡಿಸ್ತಿರು. ಬಿಸಿ ಇಳಿಯೋ ಹಾಗಿಲ್ಲ, ಉರಿ ನೋಡ್ಕೋ. ಗಡಿಯಾರ ನೋಡು, ನನ್ನ ಮುಖ ನೋಡಬೇಡ. ಸಣ್ಣಗಾಗಿದ್ದೀನಾ? ಆಗಲಿ ಬಿಡು, ಹಳೇ ಬ್ಲೌಸೆಲ್ಲ ಆಗ್ತಾ ಇದೆ.

ಆಯ್ತಾ? ಆ ಪೆರಾಕ್ಸೈಡು ಚೆಲ್ಲಿಬಿಡು, ಇನ್ನೊಂದು ಸಲಕ್ಕೆ ಅಂತ ಎತ್ತಿಡಬೇಡ. ಕಾಳನ್ನ ನಲ್ಲಿ ಕೆಳಗೆ ಹಿಡಿ. ಇನ್ನೂ ಚೆನ್ನಾಗಿ... ಹಾಂ. ಈಗ ಬೋಗುಣಿಯಲ್ಲಿ ನೀರು ಹಾಕಿ ಬಿಡು. ತೇಲಿ ಬಂದಿದ್ದನ್ನೆಲ್ಲ ತೆಗೆದು ಎಸಿ. ಪೊಳ್ಳು ಕಾಳು, ಸಿಪ್ಪೆ, ಕಸ... ಕೊಳೆ ಜಾಸ್ತಿ ಅಂಟ್ಕೊಂಡಿರೋದು ಅವಕ್ಕೇ. ಅಯ್ಯೋ, ಮುಖ ನೋಡು ಇವಳದ್ದು! ನಾಲ್ಕು ಕಾಳು ಎಸೆದ್ರೆ ಮನೆ ಮುಳುಗಿಹೋಗುತ್ತಾ? ಅದೇನದು, ಸೆರಗಲ್ಲಿ ಒರೆಸ್ಕೊಂಡು ಬಾಯಿಗೆ ಹಾಕ್ಕೊಳ್ಳೋಕೆ ಹೋಗ್ತೀಯ? ಎಸಿ ಅಂದೆ!

ಮೊಳಕೆ ಬರಿಸೋಕೆ ಬೇರೆ ಬಾಟಲಿ ಕುದಿಯೋ ನೀರಲ್ಲಿ ಆಗಲೇ ತೊಳೆದಿಟ್ಟಿದ್ದೀನಿ. ಕಾಳು ಕಟ್ಟೋ ನಿನ್ನ ಆ ಬಟ್ಟೆ ಬೇಡ. ಗೊತ್ತು, ಹನ್ನೊಂದು ವರ್ಷದ್ದು, ಸೋಪು ಮುಟ್ಟಿಸದೆ ಕಾಪಾಡಿದ್ದೀಯ. ಅದನ್ನ ನೆಲ ಒರೆಸೋಕೆ ಇಟ್ಕೋ. ಇನ್ನು... ಚೀಲದಲ್ಲಿರೋದನ್ನ ಈಚೆ ತೆಗಿ. ಯಾವುದು ಅಂತ ಕೇಳಬೇಡ. ಬಂದ ತಕ್ಷಣ ಕುರ್ಚಿ ಹಿಂದೆ ಬಚ್ಚಿಟ್ಟಿದ್ದು ನೋಡಲಿಲ್ವಾ ನಾನು? ತೆಗಿ ಅಕ್ಕ.

ಬಂತಪ್ಪ ಅಮೃತ! ಹಿಂದಿನ ಸಲ ಕಾಳು ನೆನೆಸಿದ ನೀರು. ಅದಕ್ಕೂ ಹಿಂದಿನ ಸಲದ್ದು ಅದರೊಳಗೆ, ಅದಕ್ಕೂ ಹಿಂದಿನದ್ದು... ಮೊಸರಿಗೆ ಹೆಪ್ಪು ಹಾಕೋ ಹಾಗೆ ಹೊಸ ಕಾಳಿಗೆ ಎರಡು ಚಮಚ. ಬೀದಿಯಲ್ಲೆಲ್ಲ ಅದೇ ಮಾತು, ಟೀಚರಮ್ಮನ ಮೊಳಕೆ ಒಂದೂವರೆ ದಿನಕ್ಕೇ ಬೆರಳುದ್ದ ಬರುತ್ತೆ ಅಂತ. ಬರೋದು ನಿನ್ನ ಒಲೆ ಪಕ್ಕದ ಬಿಸಿಗೆ ಕಣೆ, ಈ ನೀರಿಗಲ್ಲ. ಆ ಬಿಸಿಗೆ ಕ್ರಿಮಿನೂ ಬೆಳೆಯುತ್ತೆ. ಹಳೇ ಕ್ರಿಮಿನ ಜೋಪಾನವಾಗಿ ಎತ್ತಿಟ್ಟು ಹೊಸ ಕಾಳಿಗೆ ಬಡಿಸ್ತಾ ಇದ್ದೀಯ... ಮೂಸಬೇಡ! ವಾಸನೆಯಲ್ಲಿ ಗೊತ್ತಾಗಲ್ಲ. ಗೊತ್ತಾಗೋ ಹಾಗಿದ್ರೆ ಇಷ್ಟೆಲ್ಲ ಯಾಕೆ.

ನಂಗೆ ಯಾರು ಹೇಳಿದ್ದಾ? ಮೇಲಿನ ಮನೆಯವಳು. ಲ್ಯಾಬಲ್ಲಿ ಕೆಲಸ ಅವಳಿಗೆ. ಸುಮ್ನೆ ಮಾತಾಡ್ತಾ ಮಾತು ಬಂತು.

ಇನ್ನೊಂದು, ಇದು ಮಾತ್ರ ನಗದೆ ಕೇಳು. ಇಷ್ಟೆಲ್ಲ ಮಾಡಿದ್ರೂ ಮಗಳಿಗೆ ಹಸಿಯಾಗಿ ಕೊಡಬೇಡ. ಪೂರ್ತಿ ಬೇಯಿಸಿ ಕೊಡು. ಕಾಳಿನ ಬಿರುಕೊಳಗೆ ಕೂತಿರೋದು ಇದಕ್ಕೂ ಸಿಗದೆ ಉಳಿದಿರಬಹುದು. ಬಸುರಿಯರು, ಮಕ್ಕಳು, ವಯಸ್ಸಾದೋರು... ಹೌದು, ನೀನೂ ಬಂದೆ ಆ ಲೆಕ್ಕದಲ್ಲಿ. ಅರವತ್ತಾರು ಆಯ್ತು, ನಾಚಿಕೆ ಬೇಡ.

ಸತ್ತುಹೋಗಲ್ಲ ಬಿಡು ಅಂತೀಯಾ? ಹಗುರವಾಗಿ ಅಂದುಬಿಟ್ಟೆ. ಮೊದಲ ದಿನ ಬರೀ ಚಳಿ. ಎರಡನೇ ದಿನ ಗೋಡೆ ಹಿಡ್ಕೊಂಡು ಬಚ್ಚಲಿಗೆ. ಮೂರನೇ ದಿನ ಗೋಡೆ ಹಿಡಿಯೋಕೂ ಆಗಲ್ಲ, ಎತ್ಕೊಂಡು ಹೋಗ್ಬೇಕು. ಡ್ರಿಪ್ಪಿಗೆ ನರ ಸಿಗದೆ ಇಲ್ಲಿ ಚುಚ್ಚಿ, ಇಲ್ಲಿ ಚುಚ್ಚಿ, ಕೊನೆಗೆ ಇಲ್ಲಿ... ಕಿಟಕಿ ಪಕ್ಕದ ಹಾಸಿಗೆ, ಹೊರಗೆ ಬರೀ ನೀರಿನ ಟ್ಯಾಂಕು. ಡಾಕ್ಟರು ದಿನಾ ಅದನ್ನೇ ಕೇಳ್ತಾರೆ, ಹಸಿಯಾಗಿ ಏನಾದ್ರೂ ತಿಂದ್ರಾ, ನೆನಪು ಮಾಡ್ಕೊಳ್ಳಿ ಅಂತ...

ಮೇಲಿನ ಮನೆಯವಳಿಗೆ ಆಗಿದ್ದು. ಹೂಂ, ಅವಳಿಗೇ.

ನನ್ನ ಕೈ ಯಾಕೆ ನೋಡ್ತೀಯ? ಮಾತಾಡ್ತಾ ಸುಮ್ನೆ ಉಜ್ಕೊಂಡೆ ಅಷ್ಟೆ. ಅಕ್ಕ? ಏನು ಬೆರಳಲ್ಲಿ ಎಣಿಸ್ತಾ ಇರೋದು? ಹೋದ ತಿಂಗಳಾ? ಹೋದ ತಿಂಗಳು ನಾವು ಟೂರು ಹೋಗಿದ್ವಲ್ಲ, ಬೆಟ್ಟದ ಮೇಲೆ ಸಿಗ್ನಲ್ ಇರಲಿಲ್ಲ ಅಂತ ನಮ್ಮನೆಯವರೇ ನಿಂಗೆ ಹೇಳಿದ್ರು. ಫೋಟೋ... ತೆಗೆದಿಲ್ಲ. ಒಂದೂ ತೆಗೆದಿಲ್ಲ. ಮರೆತ್ವಿ.

ಹಾಗೆ ನೋಡಬೇಡ ಕಣೆ. ಗೇಲಿ ಮಾಡು.

ಹೂಂ. ನಿನ್ನ ಮೊಳಕೆ ಡಬ್ಬಿ ಬಂದ ಮೂರನೇ ದಿನಕ್ಕೆ. ಎಂಟು ದಿನ ಆಸ್ಪತ್ರೆ. ಡಬ್ಬಿಯಲ್ಲಿ ಉಳಿದಿದ್ದನ್ನ ಟೆಸ್ಟಿಗೆ ಕಳಿಸಿದ್ರು, ಆ ಕ್ರಿಮಿ ಅದರಲ್ಲೇ ಇತ್ತು. ಟೂರು ಅಂತ ಸುಳ್ಳು ಹೇಳಿಸಿದ್ದು ನಾನೇ, ಅವರದ್ದೇನೂ ತಪ್ಪಿಲ್ಲ. ಅಮ್ಮ ಹೋದಾಗಿಂದ ನಿನ್ನ ಕೈತುತ್ತು ತಿಂದು ಬೆಳೆದೋಳು ನಾನು. ಆ ಕೈಯೇ ನನ್ನ ಮಲಗಿಸ್ತು ಅಂತ ಯಾವ ಬಾಯಲ್ಲಿ ಹೇಳಲಿ ನಿಂಗೆ? ಹೀಗೆ ನಗ್ತಾ ನಗ್ತಾ ಕಲಿಸಿಬಿಟ್ರೆ ಸಾಕು, ಹೇಳೋದೇ ಬೇಡ ಅಂದ್ಕೊಂಡೆ. ಮಗಳು ಬರೋದು ಭಾನುವಾರ ತಾನೆ, ಇನ್ನೂ ಸಮಯ ಇದೆ ಅಂತ...

ಎಲ್ಲಿಗೆ ಎದ್ದೆ? ಫೋನ್ ಯಾಕೆ? ಕೊಡಿಲ್ಲಿ. ಮಗಳ ನಂಬರಾ? ...ಕಳಿಸಿಬಿಟ್ಟೆಯಾ? ನಿನ್ನೆ? ಅಳಿಯನ ಕೈಯಲ್ಲಿ? ಈ ನೀರು ಹಾಕಿ ಬೆಳೆಸಿದ್ದೇ?

ಅಯ್ಯೋ ಅಕ್ಕ... ಒಂದು ತಿಂಗಳು ಸುಮ್ನಿದ್ನಲ್ಲ ನಾನು. ರಿಂಗ್ ಆಗ್ತಾ ಇದೆ, ತಾಳು. ಎತ್ತೇ ಮಗಳೇ, ಎತ್ತು...

ಹಲೋ! ಚಿಕ್ಕಮ್ಮ ಕಣೆ. ಇಲ್ಲ, ಅಮ್ಮ ಚೆನ್ನಾಗಿದ್ದಾಳೆ, ಪಕ್ಕದಲ್ಲೇ ಇದ್ದಾಳೆ. ನಿನ್ನೆ ಬಂದ ಡಬ್ಬಿ... ಮೊಳಕೆ ಡಬ್ಬಿ ಕಣೆ, ತಿಂದೆಯಾ? ಮುಚ್ಚಳ ತೆಗೆದಿಲ್ಲ? ನಿಜ ಹೇಳು. ಒಂದು ಕಾಳೂ ಇಲ್ಲ ತಾನೆ? ಸರಿ. ಹಾಗೇ ಕಟ್ಟಿ ಕಸಕ್ಕೆ ಹಾಕು, ಕೈ ಚೆನ್ನಾಗಿ ತೊಳ್ಕೋ. ಆಮೇಲೆ ಎಲ್ಲ ಹೇಳ್ತೀನಿ. ಈ ಸಲ ಖಂಡಿತ ಹೇಳ್ತೀನಿ.

ತಿಂದಿಲ್ಲ ಅಕ್ಕ. ಕೇಳಿಸ್ತಲ್ಲ? ಕೂತ್ಕೋ. ನೀರು ಕುಡಿ.

ಬೈಯಿ ನಂಗೆ. ಬೈಸ್ಕೊಳ್ಳೋ ಕೆಲಸ ಮಾಡಿದ್ದೀನಿ... ಚಿಕ್ಕವಳಿದ್ದಾಗ ನನ್ನ ಮೈ ಸ್ವಲ್ಪ ಬಿಸಿಯಾದ್ರೂ ಸ್ಕೂಲು ಬಿಟ್ಟು ಪಕ್ಕದಲ್ಲಿ ಕೂರ್ತಿದ್ದೆ ನೀನು. ಈ ಸಲವೂ ನೀನೇ ಬೇಕು ಅನ್ನಿಸ್ತು. ಎಂಟು ದಿನವೂ ಅನ್ನಿಸ್ತು ಅಕ್ಕ. ಎಷ್ಟು ಸಲ ಫೋನು ಕೈಗೆ ತಗೊಂಡು ಇಟ್ಟೆನೋ. ಒಂದು ಮಾತು ಹೇಳಿದ್ರೆ ಚಪ್ಪಲಿ ಮೆಟ್ಟೋದನ್ನೂ ಮರೆತು ಓಡಿ ಬರ್ತಿದ್ದೆ, ಗೊತ್ತಿಲ್ವಾ ನಂಗೆ? ಬಂದು, ಹಣೆ ಮೇಲೆ ಕೈಯಿಟ್ಟು, ಮೊದಲು ಕೇಳ್ತಿದ್ದಿದ್ದೇ ‘ಏನು ತಿಂದೆ?’ ಅಂತ.