ಸೂಜಿಗೆ ದಾರ

ಡ್ರೈವಿಂಗ್ ಪರೀಕ್ಷೆಯ ಸಾಲಿನಲ್ಲಿ ತನ್ನ ಮುಂದಿದ್ದ ಅಕ್ಕತಂಗಿಯರ ಮಾತಿಗೆ ಪೋಸ್ಟ್‌ಮ್ಯಾನ್ ಒಬ್ಬ ಕಿವಿಗೊಟ್ಟ. ತಂಗಿ ಬಟ್ಟೆ ಹೊಲಿಯುವವಳು. ಪರ್ಸಿನಿಂದ ಸೂಜಿದಾರ ತೆಗೆದಳು.

“ಇಲ್ಲೂ ಹೊಲಿಗೆನೇನೇ?”

“ಎದೆ ಡವಡವ ಅಂತಿದೆ ಕಣಕ್ಕಾ. ದಾರ ಪೋಣಿಸ್ತಾ ಕೂತ್ರೆ ಉಸಿರು ತಾನಾಗೇ ನಿಧಾನ ಆಗುತ್ತೆ.”

“ಹೋದ್ಸಲ ಗೋಡೆಗೇ ಗುದ್ದಿದ್ಯಲ್ಲೇ!”

“ಹೋದ್ಸಲ ಸೂಜಿ ಮರೆತು ಬಂದಿದ್ದೆ. ನೋಡು, ದಾರ ಒಳಗೆ ಹೋಯ್ತು!”

“ಅಬ್ಬಾ, ಒಂದೇ ಸಲಕ್ಕೆ!”

“ಈಗ ಆ ಗೋಡೆನೇ ನನ್ನ ಕಂಡು ಹೆದರ್ಬೇಕು!”

ಅಷ್ಟರಲ್ಲಿ ತಂಗಿಯನ್ನು ಕೂಗಿದರು. ಅವಳು ಸೂಜಿಯನ್ನು ಅಕ್ಕನ ಕೈಗಿಟ್ಟು ಹೊರಟೇಬಿಟ್ಟಳು.

“ನಂಗ್ಯಾಕೇ ಇದು?”

“ನಾಳೆಯಿಂದ ನನ್ನ ಪಕ್ಕದ ಸೀಟಲ್ಲಿ ಕೂರೋಳು ನೀನೇ ತಾನೇ!”

ತಂಗಿ ಪೋಣಿಸಿದ್ದ ದಾರವನ್ನು ಅಕ್ಕ ಹೊರಗೆಳೆದು, ತಾನೇ ಮತ್ತೆ ಪೋಣಿಸಲು ಅದರ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡುತ್ತಲೇ ಅವಳ ಹಿಂದೆ ನಡೆದಳು.